ಕಣ್ಣಿಗೊತ್ತಿಕೊಂಡ ಎಲೆಕಟ್ಟು

ನೋರೀನ್ ಹೇಳಿದ್ದೇ ನಿಜ. ಅದು ಭಕ್ತಿಯಲ್ಲ, ಕಳ್ಳಾಟ. ಆ ಕಳ್ಳಾಟ ಕಲಿಸಿದವಳು ನಾನು, ಆಮೇಲೆ ಅದಕ್ಕೆ ದೇವರ ಬಣ್ಣ ಬಳಿದು ಸುಳ್ಳು ಸಾಕ್ಷಿ ಹೇಳಿದವಳೂ ನಾನು. ಕೆಲಸ ಕಳೆದುಕೊಂಡವಳು ಮಾತ್ರ ಅವಳು. ನಡೆದದ್ದು ಇಷ್ಟೇ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ವಿವರ ಹೇಳದಿದ್ದರೆ ನೀವು ನನ್ನನ್ನು ಅರ್ಧಂಬರ್ಧ ಬೈದು ಸುಮ್ಮನಾಗುತ್ತೀರಿ. ಬೈದರೆ ಪೂರ್ತಿ ಬೈಯಬೇಕು. ಇಲ್ಲಿನ ಕನ್ನಡ ಸಂಘದವರು ತಮ್ಮ ಪತ್ರಿಕೆಗೆ "ಹೊಸತೊಡಕಿನ ನೆನಪು ಏನಾದರೂ ಬರೆದುಕೊಡಿ ಅಮ್ಮಾ" ಅಂದಿದ್ದರು. ಅವರಿಗೆ ಬೇಕಾಗಿದ್ದದ್ದು ಕೈಮಾ ಉಂಡೆ ಸಾರಿನ ನೆನಪು. ನನ್ನ ಹತ್ತಿರ ಇರುವುದು ಇದು. ನಾಲ್ಕನೇ ಕ್ಲಾಸಿನ ಅಕ್ಷರ, ಒತ್ತು ತಪ್ಪಿದ್ದರೆ ತಿದ್ದಿಕೊಳ್ಳಿ. ವಿಷಯ ತಿದ್ದಬೇಡಿ.

ನಾನು ಮದ್ದೂರು ಕಡೆಯವಳು. ಐರ್ಲೆಂಡ್ ದೇಶದ ಕಾರ್ಕ್ ಊರಿನ ಡಗ್ಲಸ್‌ನಲ್ಲಿ ಮಗಳ ಮನೆಯಲ್ಲಿ ಹದಿನೇಳು ವರ್ಷದಿಂದ ಇದ್ದೇನೆ. ಮಗಳು ಸುಧಾ ಲಿಟಲ್ ಐಲ್ಯಾಂಡಿನ ಔಷಧಿ ಫ್ಯಾಕ್ಟರಿಗೆ ಹೋಗುತ್ತಾಳೆ, ಅಳಿಯ ರಮೇಶ ಕಂಪ್ಯೂಟರ್ ಕೆಲಸ. ಮೊಮ್ಮಗಳು ಪಲ್ಲವಿಗೆ ನಾನು ಬಂದಾಗ ಏಳು ವರ್ಷ. ಅವಳನ್ನು ನೋಡಿಕೊಳ್ಳಲಿ ಅಂತಲೇ ನನ್ನನ್ನು ಕರೆಸಿಕೊಂಡದ್ದು. ನೋಡಿಕೊಂಡೆ. ಎಷ್ಟು ಚೆನ್ನಾಗಿ ನೋಡಿಕೊಂಡೆ ಅಂದರೆ — ಮುಂದೆ ಓದಿ.

ಇಲ್ಲಿನ ಕನ್ನಡದವರ ನಡುವೆ ನನಗೊಂದು ಹೆಸರಿದೆ. ಕೈಗುಣ ಒಳ್ಳೇದು ಅಂತ. ಯಾರ ಮನೆಯಲ್ಲಿ ಮೊಸರು ಹೆಪ್ಪುಗಟ್ಟದಿದ್ದರೂ ನನಗೆ ಫೋನು. ಹೊಸ ಕಾರು ತಂದರೆ ಕೀಲಿ ಮೊದಲು ನನ್ನ ಕೈಗೆ. ಗಾಲ್ವೇಯಿಂದ ಒಬ್ಬಳು ಕರಿಬೇವಿನ ಗಿಡವನ್ನು ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಬಂದು ನನ್ನ ಕೈಲಿ ಕುಂಡಕ್ಕೆ ಹಾಕಿಸಿಕೊಂಡು ಹೋದಳು. ಗಿಡ ತಿಂಗಳೊಳಗೆ ಸತ್ತಿತು. ಆಗಲೂ ಅವಳು ಈ ದೇಶದ ಗಾಳಿಯನ್ನು ಬೈದಳೇ ಹೊರತು ನನ್ನ ಕೈಯನ್ನಲ್ಲ.

ಆ ಹೆಸರು ಎಲ್ಲಿಂದ ಬಂತು ಹೇಳುತ್ತೇನೆ. ಇಸ್ಪೀಟಿನಿಂದ.

ನಮ್ಮ ಕಡೆ ಯುಗಾದಿಯ ಮಾರನೇ ದಿನ ಹೊಸತೊಡಕು. ಬೆಳಿಗ್ಗೆ ಮರಿ ಸಾರು, ಮುದ್ದೆ. ಉಂಡ ಮೇಲೆ ಇಸ್ಪೀಟು. ಅವತ್ತೊಂದು ದಿನ ಆಡಿದರೆ ಯಾರೂ ಕೇಳುವುದಿಲ್ಲ. ಗಂಡಸರು ಜಗುಲಿಯಲ್ಲಿ, ಹೆಂಗಸರು ಹಿತ್ತಲಲ್ಲಿ. ನಮ್ಮ ಮನೆ ಹೆಂಗಸರ ಆಟ ಮೂರೆಲೆ. ತಲೆಗೆ ಮೂರು ಎಲೆ ಹಂಚುವುದು, ಯಾರ ಎಲೆ ದೊಡ್ಡದೋ ಅವರು ಗೆದ್ದ ಹಾಗೆ. ಪಂದ್ಯಕ್ಕೆ ಹುಣಸೆಬೀಜ. ಕೊನೆಯಲ್ಲಿ ಯಾರ ಹತ್ತಿರ ಬೀಜ ಕಮ್ಮಿಯೋ ಅವರು ಸಾರಿನ ಪಾತ್ರೆಗಳನ್ನೆಲ್ಲ ಉಜ್ಜಬೇಕು. ಮರಿ ಸಾರಿನ ಜಿಡ್ಡು, ಮುದ್ದೆ ಅಂಟಿದ ತಪ್ಪಲೆ, ನಲವತ್ತು ಜನ ಉಂಡ ಮನೆ — ಸಣ್ಣ ಪಂದ್ಯ ಅಂದುಕೊಳ್ಳಬೇಡಿ.

ನನ್ನ ಸೋದರತ್ತೆ ಕೆಂಪಮ್ಮ ಗಂಡಸರ ಜತೆ ಕೂತು ಆಡಿ ಗೆಲ್ಲುತ್ತಿದ್ದ ಹೆಂಗಸು. ನನ್ನ ಮದುವೆಗೆ ಅವಳು ಸೀರೆ ಕೊಡಲಿಲ್ಲ, ಒಂದು ವಿದ್ಯೆ ಕೊಟ್ಟಳು. ಎಲೆ ಕಲೆಸಿ, ಎದುರಿಗಿದ್ದವರಿಂದ ಕಟ್ ಮಾಡಿಸಿ, ಇಡೀ ಕಟ್ಟನ್ನು ಎರಡು ಕೈಯಲ್ಲಿ ಎತ್ತಿ ಭಕ್ತಿಯಿಂದ ಕಣ್ಣಿಗೆ ಒತ್ತಿಕೊಳ್ಳುವುದು. ಪುಸ್ತಕ ಒತ್ತಿಕೊಳ್ಳುತ್ತೇವಲ್ಲ, ಹಾಗೆ. ಎತ್ತಿದ ಕಟ್ಟಿನ ಅಡಿಯ ಎಲೆ ನಿಮ್ಮ ಮೂಗಿನ ನೇರಕ್ಕೆ ಬರುತ್ತದೆ. ಅದು ಎಕ್ಕವೋ ರಾಜನೋ ಆದರೆ, ಹಂಚುವಾಗ ಮೇಲಿನ ಎಲೆ ಬಿಟ್ಟು ಅಡಿಯಿಂದ ಎಳೆದು ನಿಮಗೆ ಹಾಕಿಕೊಳ್ಳಿ. ಎರಡೋ ಮೂರೋ ಆದರೆ ಓರಗಿತ್ತಿಗೆ ಹಾಕಿ.

ಮದುವೆಯಾದ ಮೊದಲ ಹೊಸತೊಡಕಿನಲ್ಲೇ ನನ್ನ ಓರಗಿತ್ತಿ ಜಯಮ್ಮ ಮೊಣಕೈವರೆಗೆ ಬೂದಿ ಮಾಡಿಕೊಂಡು ಪಾತ್ರೆ ಉಜ್ಜಿದಳು. ನಮ್ಮತ್ತೆ ನನ್ನ ಅಂಗೈ ಹಿಡಿದು ನೋಡಿ, "ಇವಳ ಕೈಗುಣ ನೋಡ್ರೇ, ಲಕ್ಷ್ಮಿ ಕಣೇ" ಅಂದರು. ಆವತ್ತಿಂದ ಬಿತ್ತನೆ ಬೀಜಕ್ಕೆ ನನ್ನ ಕೈ, ಬಾಣಂತಿ ನೀರಿಗೆ ನನ್ನ ಕೈ, ಹೆಪ್ಪಿಗೆ ನನ್ನ ಕೈ. ಹೊಸತೊಡಕಿನ ಪಾತ್ರೆಯನ್ನು ಮಾತ್ರ ನನ್ನ ಕೈ ಇವತ್ತಿನವರೆಗೆ — ಅಂದರೆ ಮೊನ್ನೆಯವರೆಗೆ — ಮುಟ್ಟಿರಲಿಲ್ಲ.

ನಾಚಿಕೆ ಆಗಲಿಲ್ವಾ ಅಂದರೆ, ಇಲ್ಲ. ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಪಲ್ಲವಿಗೆ ಎಂಟು ವರ್ಷವಾದಾಗ ಮೂರೆಲೆ ಕಲಿಸಿದೆ. ಹೊರಗೆ ಒಂದೇ ಸಮ ತುಂತುರು ಮಳೆ, ಟೀವಿಯಲ್ಲಿ ನನಗೆ ಅರ್ಥವಾಗದ ಇಂಗ್ಲಿಷು, ಮಗುವಿಗೆ ಅರ್ಥವಾಗದ ನನ್ನ ಕನ್ನಡ — ಎಲೆ ಮಾತ್ರ ಇಬ್ಬರಿಗೂ ಅರ್ಥವಾಗುತ್ತಿತ್ತು. ಒಂದು ದಿನ ಅವಳು ಕೇಳಿದಳು, "ಅಜ್ಜಿ, ವೈ ಡು ಯು ಡೂ ದಟ್? ಕಣ್ಣಿಗೆ ಯಾಕೆ?"

ಎಂಟು ವರ್ಷದ ಕೂಸಿಗೆ ಏನು ಹೇಳಲಿ? ನಿಜ ಹೇಳಬಹುದಿತ್ತು. ನಕ್ಕು ಬಿಡುತ್ತಿತ್ತು. ನಾನು ಹೇಳಿದೆ: "ಪುಸ್ತಕ ತುಳಿದರೆ ಕಣ್ಣಿಗೊತ್ಕೊಳಲ್ವೇನೇ? ಹಂಗೇ ಎಲೆಗೂ. ಆಡೋ ಮುಂಚೆ ಮರ್ಯಾದೆ ಕೊಡಬೇಕು."

ಮಗು ನಂಬಿತು. ನಂಬಿ, ಪ್ರತಿ ಸಲ ಹಂಚುವ ಮುಂಚೆ ಎಲೆಕಟ್ಟನ್ನು ಕಣ್ಣಿಗೆ ಒತ್ತಿಕೊಳ್ಳತೊಡಗಿತು. ಇಸ್ಕೂಲಿನ ಬಿಳಿ ಹುಡುಗಿಯರ ಜತೆ ಆಡುವಾಗಲೂ. ಅವಳಿಗೆ ಅಡಿಯೆಲೆ ನೋಡುವುದು ಗೊತ್ತಿಲ್ಲ, ಅಡಿಯಿಂದ ಎಳೆಯುವುದಂತೂ ಗೊತ್ತೇ ಇಲ್ಲ. ನನ್ನ ಕಳ್ಳತನದ ಮೊದಲ ಅರ್ಧ ಮಾತ್ರ ಅವಳ ಕೈಗೆ ಹತ್ತಿತು — ಅವಳ ಪಾಲಿಗೆ ಅದು ನಿಜವಾದ ಭಕ್ತಿಯೇ. ನೋಡಿ ನೋಡಿ ನಾನೇ ಮುದ್ದು ಮಾಡುತ್ತಿದ್ದೆ.

ಮೂರು ವರ್ಷದ ಕೆಳಗೆ, ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದಾಗ, ಅವಳು ಒಂದು ಸಂಜೆ ಕುಣಿಯುತ್ತಾ ಬಂದಳು. ಫೋನಿನಲ್ಲಿ ಜೂಜಾಡಿಸುವ ಒಂದು ಕಂಪನಿ ಊರಾಚೆ ಸ್ಟುಡಿಯೋ ಮಾಡಿತ್ತು. ಜನ ಎಲ್ಲೆಲ್ಲೋ ತಮ್ಮ ಮನೆಯಲ್ಲಿ ಕೂತು ಫೋನು ನೋಡುತ್ತಾ ಪಂದ್ಯ ಕಟ್ಟುತ್ತಾರೆ. ಇಲ್ಲಿ ಕ್ಯಾಮೆರಾ ಮುಂದೆ ಒಬ್ಬರು ನಿಂತು ನಿಜವಾದ ಎಲೆ ಹಂಚಬೇಕು. ಮೂರೆಲೆಗೂ ಒಂದು ಮೇಜು ತೆರೆಯುತ್ತಾರಂತೆ, ಆ ಆಟ ಮೊದಲೇ ಬಲ್ಲವರು ಬೇಕಂತೆ. ಆರು ವಾರ ತರಬೇತಿ, ಕೊನೆಗೆ ಪರೀಕ್ಷೆ.

"ಎಲೆ ಹಂಚೋಕೆ ಸಂಬಳ ಕೊಡ್ತಾರಾ!" ಅಂದೆ. ನಾನು ಹುಟ್ಟಿದ್ದು ಬೇಗ ಆಯಿತು ಅನ್ನಿಸಿತು.

ರಮೇಶನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. "ಅತ್ತೆ, ಮಗಳು ಜೂಜಿನ ಕಂಪನೀಲಿ ಅವ್ಳೆ ಅಂತ ಸಂಘದಲ್ಲಿ ಹೆಂಗೆ ಹೇಳ್ಲಿ?"

"ಜೂಜು ಅನ್ಬೇಡಿ. ಕ್ಯಾಮೆರಾ ಮುಂದೆ ನಿಲ್ತಾಳೆ ಅನ್ನಿ. ಸುಳ್ಳಲ್ವಲ್ಲ."

ಆಮೇಲೆ ಅವನು ಎಲ್ಲರಿಗೂ "ಬ್ರಾಡ್‌ಕಾಸ್ಟಿಂಗ್" ಅಂತ ಹೇಳಿಕೊಂಡು ತಿರುಗಿದ. ನಮ್ಮ ಮನೆಯಲ್ಲಿ ಸುಳ್ಳಿಗೆ ಬೇರೆ ಬಟ್ಟೆ ಹಾಕಿ ಕಳಿಸುವುದು ನನ್ನಿಂದಲೇ ಶುರು.

ಆ ಆರು ವಾರದಂಥ ಮಜಾ ನಾನು ಕಂಡಿಲ್ಲ. ಊಟದ ಮೇಜಿನ ಮೇಲೆ ಹಸಿರು ಬೆಡ್‌ಶೀಟು ಹಾಸಿ ಪಲ್ಲವಿ ದಿನಾ ಅಭ್ಯಾಸ ಮಾಡುತ್ತಿದ್ದಳು. ಎಲೆ ಮೇಜಿನಿಂದ ನಾಲ್ಕು ಬೆರಳಿಗಿಂತ ಮೇಲೆ ಏಳಬಾರದು. ಉಂಗುರ ಇಲ್ಲ, ಬಳೆ ಇಲ್ಲ, ಉದ್ದ ತೋಳಿನ ಅಂಗಿ ಇಲ್ಲ. ಕೂದಲು ಮುಟ್ಟಬಾರದು, ಮೂಗು ತುರಿಸಿದರೂ ತುರಿಸಿಕೊಳ್ಳಬಾರದು. ಎದುರಿಗೆ ಯಾರೂ ಇಲ್ಲದಿದ್ದರೂ ಇದ್ದ ಹಾಗೆ ನಗುತ್ತಾ ಮಾತಾಡಬೇಕು. ಮೇಜು ಬಿಟ್ಟು ಹೊರಡುವಾಗ ಎರಡು ಅಂಗೈ ಕ್ಯಾಮೆರಾಗೆ ತೋರಿಸಿ, ಮಗುಚಿ, ಹಿಂಗೈಯನ್ನೂ ತೋರಿಸಬೇಕು — ಏನೂ ಕದ್ದಿಲ್ಲ, ಏನೂ ಬಚ್ಚಿಟ್ಟಿಲ್ಲ ಅಂತ. ಆಟ ನಿಲ್ಲಿಸಲಾರದೆ ಒದ್ದಾಡುವವರನ್ನು ಮಾತಿನಲ್ಲೇ ಗುರುತು ಹಿಡಿದು ಮೇಲಿನವರಿಗೆ ತಿಳಿಸುವುದು ಹೇಗೆ ಅಂತ ಒಂದಿಡೀ ದಿನ ಪಾಠ.

ನಾನು ಫೋನಿನಾಚೆಯ ಜೂಜುಕೋರ. ಕುಕ್ಕರಿನ ಹಿಂದೆ ಕೂತು ಕೂಗುತ್ತಿದ್ದೆ: "ಏ ಹುಡುಗಿ! ಇದೆಂಥ ದರಿದ್ರ ಎಲೆ ಹಾಕ್ದೆ? ನಿನ್ನ ಕೈಗೆ ಬೆಂಕಿ ಬೀಳ!"

ಪಲ್ಲವಿ ನಗು ತಡೆದುಕೊಂಡು, ಕೆನ್ನೆ ನಡುಗಿಸುತ್ತಾ, "ಸಾರಿ ಟು ಹಿಯರ್ ದಟ್, ಸರ್. ಬೆಸ್ಟ್ ಆಫ್ ಲಕ್ ಇನ್ ದ ನೆಕ್ಸ್ಟ್ ಹ್ಯಾಂಡ್" ಅನ್ನುತ್ತಿದ್ದಳು.

"ನಿಮ್ಮಪ್ಪನ್ನ ಕರಿ!"

"ಐ'ಲ್ ಪಾಸ್ ದಟ್ ಆನ್, ಸರ್."

ಸುಧಾ ಒಳಗಿಂದ, "ಅಮ್ಮಾ, ಅವಳು ಪರೀಕ್ಷೆಗೆ ಓದ್ತಾವ್ಳೋ ನಾಟಕಕ್ಕೋ?" ಅನ್ನುವಳು.

ಈ ನಗುವಿನ ನಡುವೆಯೇ ಒಂದು ಸಂಜೆ, ಮೈಮರೆತು, ಪಲ್ಲವಿ ಎಲೆಕಟ್ಟನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ನಾನು ನೋಡಿದೆ. ನಾಲ್ಕು ಬೆರಳಿಗಿಂತ ಮೇಲೆ ಏಳಬಾರದ ಎಲೆ ಹುಬ್ಬಿನವರೆಗೆ ಎದ್ದಿತ್ತು. ಹೇಳಬೇಕಿತ್ತು — ಹಾಗೆ ಮಾಡಬೇಡ ಕಣೇ, ಆ ಕ್ಯಾಮೆರಾ ಮುಂದೆ ಮಾತ್ರ ಮಾಡಬೇಡ. "ಯಾಕೆ?" ಅಂತ ಕೇಳುತ್ತಿದ್ದಳು. ಯಾಕೆ ಅಂತ ಹೇಳಿದರೆ ಹೊಸತೊಡಕು, ಜಯಮ್ಮ, ಕೈಗುಣ ಎಲ್ಲ... ಬಾಯಿ ತೆರೆದೆ. ಮುಚ್ಚಿಕೊಂಡೆ. "ಟೀ ಕುಡೀತೀಯಾ?" ಅಂದೆ.

ಪರೀಕ್ಷೆಯ ದಿನ ಹಂಚುವ ಸರದಿ ಬಂದಾಗ ಕಲಿತದ್ದೆಲ್ಲ ಮರೆತುಹೋಯಿತಂತೆ. ಗಾಬರಿಯಲ್ಲಿ ಮನುಷ್ಯ ಚಿಕ್ಕಂದಿನ ಅಭ್ಯಾಸವನ್ನೇ ಹಿಡಿದುಕೊಳ್ಳುವುದು. ಮೂರು ಕ್ಯಾಮೆರಾ ಮುಂದೆ, ಒಂಬತ್ತು ಜನ ಕಲಿಯುವವರ ಎದುರಿಗೆ, ಪಲ್ಲವಿ ಎಲೆಕಟ್ಟನ್ನು ಕಣ್ಣಿಗೊತ್ತಿಕೊಂಡಳು.

ತರಬೇತಿ ಕೊಡುತ್ತಿದ್ದವಳು ನೋರೀನ್. ಕಾರ್ಕಿನವಳೇ, ಬೇರೆ ಊರುಗಳ ಜೂಜಿನ ಮೇಜುಗಳಲ್ಲಿ ಮೂವತ್ತು ವರ್ಷ ನಿಂತು ಸವೆದ ಹೆಂಗಸು. ಪಲ್ಲವಿಗೆ ಅವಳೆಂದರೆ ಪ್ರಾಣ. ದಿನಾ "ನೋರೀನ್ ಹಿಂಗಂದ್ಲು, ನೋರೀನ್ ಹಂಗಂದ್ಲು." ಆ ನೋರೀನ್ ಆವತ್ತು ಕೈ ಎತ್ತಿ ಪರೀಕ್ಷೆ ನಿಲ್ಲಿಸಿದಳು.

"ಎಲೆ ಕೆಳಗಿಡು, ಲವ್. ಏನದು?"

"ಪ್ರಾರ್ಥನೆ. ನಮ್ಮಲ್ಲಿ ಹಂಗೆ ಮಾಡ್ತೀವಿ. ನಮ್ಮಜ್ಜಿ ಕಲ್ಸಿದ್ದು."

"ಅದು ಪ್ರಾರ್ಥನೆ ಅಲ್ಲ, ಮಗಳೇ. ಅದು ಅಡಿಯೆಲೆ ನೋಡೋ ಉಪಾಯ. ನಿಮ್ಮಜ್ಜಿ ನಿಂಗೆ ಹೇಳಿಲ್ಲ, ಅಷ್ಟೇ."

ಇದಿಷ್ಟೂ ಪಲ್ಲವಿ ಮನೆಗೆ ಬಂದು ಅಳುತ್ತಾ ಹೇಳಿದ್ದು. ಅಳು ಫೇಲಾಗಿದ್ದಕ್ಕಲ್ಲ. "ನಮ್ಮಜ್ಜೀನ ಕಳ್ಳಿ ಅಂದ್ಲು! ಎಲ್ಲರ ಮುಂದೆ!" ನಾನು ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸೀದು ಇದ್ದಲಾಯಿತು.

ಆಮೇಲೆ ರಮೇಶನನ್ನು ನೋಡಬೇಕಿತ್ತು. ಜೂಜಿನ ಕಂಪನಿ ಅಂತ ಹೇಳಿಕೊಳ್ಳಲು ನಾಚುತ್ತಿದ್ದವನು ಆವತ್ತು ಸೋಫಾ ಮೇಲಿಂದ ಎದ್ದು ನಿಂತು, "ಇದು ನಮ್ಮ ಸಂಸ್ಕೃತಿಗೆ ಮಾಡಿದ ಅವಮಾನ! ಬಿಡಬಾರದು!" ಅಂದ. ಅಪ್ಪ ಮಗಳು ಸೇರಿ ನಾಲ್ಕು ಪುಟದ ದೂರು ಬರೆದರು. ಅದರಲ್ಲಿ ನನ್ನ ಹೆಸರು ಐದು ಸಲ ಬಂದಿತ್ತಂತೆ. "ಪೂಜ್ಯ ಅಜ್ಜಿ" ಅನ್ನುವ ಹಾಗೆ ಇಂಗ್ಲಿಷಿನಲ್ಲಿ ಏನೋ ಬರೆದಿದ್ದರು. ನಾನು ಸೀದ ಬಾಣಲಿ ಉಜ್ಜುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಆಗಲೂ ಹೇಳಬಹುದಿತ್ತು. ಮೂರು ಹೆಜ್ಜೆ ದೂರದಲ್ಲಿದ್ದರು.

ಕಂಪನಿಯವರು ಹೆದರಿದರು. ವಿಚಾರಣೆ ಅಂತ ವೀಡಿಯೋ ಕಾಲ್ ಇಟ್ಟರು. ಅಜ್ಜಿಯ ಮಾತನ್ನೂ ಕೇಳಬೇಕು ಅಂದರು. ಪಲ್ಲವಿ ನನಗೆ ಹಬ್ಬದ ಸೀರೆ ಉಡಿಸಿ, ಹಣೆಗೆ ಎಂದಿಗಿಂತ ದೊಡ್ಡ ಕುಂಕುಮ ಇಟ್ಟು ಕೂರಿಸಿದಳು. ಪರದೆಯಲ್ಲಿ ದೊಡ್ಡ ಆಫೀಸಿನ ಒಬ್ಬ ಹೆಂಗಸು. ಮೂಲೆಯ ಚಿಕ್ಕ ಚೌಕದಲ್ಲಿ ನೋರೀನ್ — ಗಿಡ್ಡ ಬಿಳಿ ಕೂದಲು, ದಾರಕ್ಕೆ ಕಟ್ಟಿ ನೇತು ಬಿಟ್ಟ ಕನ್ನಡಕ. ನನ್ನ ವಯಸ್ಸಿಗಿಂತ ಹತ್ತು ವರ್ಷ ಕಮ್ಮಿ ಇರಬಹುದು. ಅವಳು ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡುತ್ತಿದ್ದಳು.

ಆಫೀಸಿನ ಹೆಂಗಸು ಕೇಳಿದ್ದಕ್ಕೆಲ್ಲ ಸರಾಗವಾಗಿ ಹೇಳಿದೆ. ಹೌದು, ನಮ್ಮ ಪದ್ಧತಿ. ಪುಸ್ತಕವಾಗಲಿ, ದುಡ್ಡಾಗಲಿ, ತಕ್ಕಡಿಯಾಗಲಿ, ಕಣ್ಣಿಗೊತ್ತಿಕೊಂಡೇ ಶುರು ಮಾಡುವುದು. ಎಲೆಗೂ ಅಷ್ಟೇ. ಪಲ್ಲವಿ ಇಂಗ್ಲಿಷಿಗೆ ತಿರುಗಿಸುತ್ತಾ ಹೋದಳು, ಅವಳ ದನಿಯಲ್ಲಿ ಹೆಮ್ಮೆ. ಆ ಹೆಂಗಸು ತಲೆಯಾಡಿಸಿ ಬರೆದುಕೊಂಡಳು.

ಅಷ್ಟರಲ್ಲಿ ನೋರೀನ್ ಮೊದಲ ಸಲ ಬಾಯಿ ತೆರೆದಳು. ಜೋರಾಗಿ ಅಲ್ಲ, ಮೆಲ್ಲಗೆ.

"ಅವರನ್ನ ಒಂದು ಮಾತು ಕೇಳ್ತೀಯಾ — ಕಣ್ಣಿಗೊತ್ತಿಕೊಳ್ಳುವಾಗ ಕಣ್ಣು ಮುಚ್ಚಿಕೊಳ್ತಾರಾ?"

ನನಗೆ ಅವಳ ಇಂಗ್ಲಿಷೇ ಅರ್ಥವಾಗಿತ್ತು. ಹದಿನಾಲ್ಕು ವರ್ಷ ಇಲ್ಲಿ ಸೊಪ್ಪು, ಹಾಲು ಕೊಂಡವಳಿಗೆ ಅಷ್ಟೂ ಅರ್ಥವಾಗುವುದಿಲ್ಲವೇ? ಪಲ್ಲವಿ ಅದನ್ನು ಕನ್ನಡಕ್ಕೆ ತಿರುಗಿಸುವಷ್ಟು ಹೊತ್ತು ನನಗೆ ಸಿಕ್ಕಿತು. ನಿಜ ಹೇಳುವುದಕ್ಕೆ ಅಷ್ಟು ಹೊತ್ತು ಬೇಕಾದಷ್ಟಾಯಿತು.

"ಮುಚ್ಕೊಳ್ತೀನಿ," ಅಂದೆ. "ದೇವರ ಮುಂದೆ ಯಾರಾದರೂ ಕಣ್ಣು ಬಿಡ್ತಾರಾ?"

ನೋರೀನ್ ಕೋಪ ಮಾಡಿಕೊಳ್ಳಲಿಲ್ಲ. ಆಟದಲ್ಲಿ ಎದುರಿನವರು ಮೋಸ ಮಾಡಿದ್ದು ಗೊತ್ತಾಗಿಯೂ ತೋರಿಸಿಕೊಡಲಾಗದಿದ್ದಾಗ ಎಲೆ ಕೆಳಗಿಡುತ್ತಾರಲ್ಲ — ಹಾಗೆ ದಾರ ಸಮೇತ ಕನ್ನಡಕ ತೆಗೆದು ಕೆಳಗಿಟ್ಟಳು. ಆ ಚಿಕ್ಕ ಚೌಕದಲ್ಲಿ ನನ್ನನ್ನು ಗುರುತಿಸಿದವಳು ಇಡೀ ಐರ್ಲೆಂಡಿನಲ್ಲಿ ಅವಳೊಬ್ಬಳೇ ಅಂತ ನನಗೆ ಆಗಲೇ ಗೊತ್ತಾಯಿತು.

ಕಂಪನಿ ಪಲ್ಲವಿಗೆ ಕ್ಷಮೆ ಕೇಳಿತು. ಮತ್ತೆ ಪರೀಕ್ಷೆ ಇಟ್ಟಿತು, ಎಲೆ ಮುಟ್ಟದೆ ಬರೀ ಕೈ ಮುಗಿಯಬಹುದು ಅಂತ ಹೊಸ ನಿಯಮ ಮಾಡಿತು. ಪಲ್ಲವಿ ಪಾಸಾದಳು. ನೋರೀನ್ ಕೈಲೂ ಕ್ಷಮಾಪಣೆ ಬರೆಸಿ, ಅವಳನ್ನು ತರಬೇತಿಯಿಂದ ತೆಗೆದು ಯಾವುದೋ ಫೈಲು ನೋಡುವ ಕೆಲಸಕ್ಕೆ ಹಾಕಿದರು. ಒಂದು ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು. ಪರಜಾತಿಯವರನ್ನು ಅವಮಾನಿಸಿದವಳು ಅಂತ ಹೆಸರು ಬಂದ ಮೇಲೆ ಆ ಕಸುಬಿನಲ್ಲಿ ಬೇರೆ ಯಾರೂ ಕರೆಯಲಿಲ್ಲವಂತೆ. ಪಲ್ಲವಿ ಪಾಸಾದ ದಿನ ನಮ್ಮ ಮನೆಯಲ್ಲಿ ಪಾಯಸ. ಪಾಯಸ ಮಾಡಿದವಳು ನಾನೇ. ಚೆನ್ನಾಗಿಯೇ ಆಗಿತ್ತು.

ಇನ್ನೊಂದು ವಿಷಯ. ನನಗೆ ಇಲ್ಲಿನ ಸೋಡಾ ಬ್ರೆಡ್ಡು ಅಂದರೆ ಬಹಳ ಇಷ್ಟ. ಬಿಸಿ ಮಾಡಿ, ಬೆಣ್ಣೆ ಸವರಿ, ಮೇಲೆ ಚಟ್ನಿಪುಡಿ ಉದುರಿಸಿದರೆ ಅಕ್ಕಿರೊಟ್ಟಿಯ ನೆನಪೂ ಬರುವುದಿಲ್ಲ. ಡಗ್ಲಸ್‌ನಲ್ಲೇ ಒಂದು ಬ್ರೆಡ್ಡಿನಂಗಡಿ, ನಡೆದರೆ ಹತ್ತು ನಿಮಿಷ. ದೂರು ಕೊಟ್ಟ ಐದಾರು ತಿಂಗಳ ಮೇಲೆ ಒಂದು ದಿನ ಬಾಗಿಲು ತಳ್ಳಿದೆ. ಗಲ್ಲೆಯ ಹಿಂದೆ, ಹಿಟ್ಟು ಮೆತ್ತಿದ ಏಪ್ರನ್ನು ಕಟ್ಟಿಕೊಂಡು, ದಾರದಲ್ಲಿ ಕನ್ನಡಕ ನೇತಾಡಿಸಿಕೊಂಡು ನೋರೀನ್ ನಿಂತಿದ್ದಳು. ಬೆನ್ನು ಈ ಕಡೆಗಿತ್ತು. ನಾನು ಬಾಗಿಲನ್ನು ಹಾಗೇ ಮೆಲ್ಲಗೆ ಬಿಟ್ಟು ವಾಪಸ್ ಬಂದೆ.

ಆಮೇಲೆ ಸೋಡಾ ಬ್ರೆಡ್ಡು ಮುಟ್ಟಲಿಲ್ಲ. "ಯಾಕಮ್ಮಾ, ಅಷ್ಟು ಇಷ್ಟ ಇತ್ತಲ್ಲ?" ಅಂತ ಸುಧಾ ಕೇಳಿದರೆ "ಹಲ್ಲಿಗೆ ಗಟ್ಟಿ" ಅಂದೆ. ಚಕ್ಕುಲಿ ಕಡಿಯುತ್ತಾ ಅಂದೆ. ಆ ರಸ್ತೆ ಬಿಟ್ಟು ಸುತ್ತು ಹಾಕಿ ಓಡಾಡಿದೆ. ಇದನ್ನು ಪಶ್ಚಾತ್ತಾಪ ಅನ್ನಬೇಡಿ, ಸಿಕ್ಕಿಬೀಳುವ ಭಯ ಅಷ್ಟೇ. ಪಶ್ಚಾತ್ತಾಪ ಇದ್ದವಳು ಒಳಗೆ ಹೋಗುತ್ತಿದ್ದಳು.

ಪಲ್ಲವಿ ಬೆಳೆದಳು. ಕ್ಯಾಮೆರಾ ಮುಂದೆ ಎರಡೂವರೆ ವರ್ಷ ನಿಂತು, ಹೋದ ಚಳಿಗಾಲದಲ್ಲಿ ತಾನೇ ತರಬೇತಿ ಕೊಡುವವಳಾದಳು. ನೋರೀನ್ ನಿಲ್ಲುತ್ತಿದ್ದ ಜಾಗ. ಅದಕ್ಕೆ ಮುಂಚೆ ಅವಳಿಗೂ ಒಂದು ಪಾಠ ಇತ್ತಂತೆ — ಜಗತ್ತಿನ ಕಳ್ಳಾಟಗಳನ್ನೆಲ್ಲ ವೀಡಿಯೋ ಹಾಕಿ ತೋರಿಸುವುದು. ಅದರಲ್ಲೊಬ್ಬ ದಪ್ಪ ಮನುಷ್ಯ, ಎಲೆಕಟ್ಟನ್ನು ಎತ್ತಿ ಮುತ್ತು ಕೊಡುತ್ತಿದ್ದನಂತೆ. ಮುತ್ತು ಕೊಡುವಾಗ ಅಡಿಯೆಲೆ ನೋಡಿಕೊಳ್ಳುತ್ತಿದ್ದ. ಇದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಈ ವರ್ಷ ಹೊಸತೊಡಕನ್ನು ರಜೆ ನೋಡಿಕೊಂಡು ಭಾನುವಾರ ಮಾಡಿದೆವು. ಹಿಂದಿನ ಎರಡು ವರ್ಷವೂ ಆವತ್ತೇ ಶಿಫ್ಟು ಬಿದ್ದಿದ್ದ ಪಲ್ಲವಿ ಈ ಸಲ ಕೇಳಿ ರಜೆ ಹಾಕಿದ್ದಳು. ಎದುರು ಮನೆಯ ಫಿಲೋಮಿನಾಳನ್ನೂ ಕರೆದಿದ್ದೆವು — ಮಂಗಳೂರಿನವಳು, ಆಸ್ಪತ್ರೆಯಲ್ಲಿ ನರ್ಸು, ಮುದ್ದೆ ನುಂಗಲು ಬಾರದಿದ್ದರೂ ಸಾರಿಗೆ ಮೂರು ಸಲ ಬಡಿಸಿಕೊಂಡಳು. ಉಂಡ ಮೇಲೆ ಹಸಿರು ಬೆಡ್‌ಶೀಟು ಹಾಸಿ, ಹುಣಸೆಬೀಜ ಹಂಚಿಕೊಂಡು ಕೂತೆವು. ಮೊದಲ ಹಂಚಿಕೆ ನನ್ನದೇ. ಕೈಗುಣ.

ಎಲೆ ಕಲೆಸಿದೆ, ಸುಧಾ ಕೈಲಿ ಕಟ್ ಮಾಡಿಸಿದೆ, ಎತ್ತಿ ಕಣ್ಣಿಗೊತ್ತಿಕೊಂಡೆ. ಇಸ್ಪೀಟಿನ ಎಕ್ಕ. ಒಳ್ಳೇದಾಯಿತು ಅಂತ ತಲೆ ಎತ್ತಿದರೆ ಎದುರಿಗೆ ಪಲ್ಲವಿ. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದಳು.

ಆಗಲಾದರೂ ಬಿಡಬೇಕಿತ್ತು. ಕೈ ಕೇಳಲಿಲ್ಲ, ಎಕ್ಕ ಅಡಿಯಿಂದ ಬಂದು ನನ್ನ ಮುಂದೆಯೇ ಬಿತ್ತು.

"ಎಂಥ ಕೈಗುಣ ಮಾರಾಯ್ರೆ ನಿಮ್ಮದು!" ಫಿಲೋಮಿನಾ ತನ್ನ ಎಲೆ ಎಸೆದಳು. "ನನಗೂ ಸ್ವಲ್ಪ ಕೊಡಿ, ಲಾಟರಿ ತೆಗೀತೇನೆ!"

"ಅತ್ತೆ ಕೈಲಿ ಲಕ್ಷ್ಮಿ ಅವ್ಳೆ," ಅಂದ ರಮೇಶ, ತನ್ನ ಬೀಜ ಎಣಿಸುತ್ತಾ.

ಪಲ್ಲವಿ ಪ್ರತಿ ಆಟದಲ್ಲೂ ಸೋತಳು. ಬೇಕೆಂದೇ ಸೋತಳೋ ಏನೋ. ಕೊನೆಗೆ ಎದ್ದು, ತೋಳು ಮಡಿಚಿಕೊಂಡು, ಪಾತ್ರೆ ತೊಳೆಯಲು ಅಡಿಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಯಾಕೆ ಹೋದೆ ಗೊತ್ತಿಲ್ಲ, ಕಾಲು ಹೋಯಿತು.

ಅವಳು ತಿರುಗಲಿಲ್ಲ. ನಲ್ಲಿ ನಿಲ್ಲಿಸಿ ಅಂದಳು:

"ಅಜ್ಜಿ, ನೀನು ಕಣ್ಣು ಮುಚ್ಲಿಲ್ಲ."

ನಾನು ಏನೋ ಹೇಳಲು ಹೋದೆ. ವಯಸ್ಸು, ಕಣ್ಣಿನ ಪೊರೆ, ಹೊಸ ಕನ್ನಡಕ — ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಅವಳ ಬೆನ್ನು ನೋಡಿ ಯಾವುದೂ ಹೊರಡಲಿಲ್ಲ.

"ಇಲ್ಲ," ಅಂದೆ. "ಯಾವತ್ತೂ ಮುಚ್ಚಿಲ್ಲ."

"ಅಡೀಲಿ ಏನಿತ್ತು?"

"ಇಸ್ಪೀಟ್ ಎಕ್ಕ."

ಅವಳು ಕೈಲಿದ್ದ ತಪ್ಪಲೆಯನ್ನು ಸೋಪಿನ ನೊರೆಯೊಳಗೆ ಬಿಟ್ಟಳು. ಆಮೇಲೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. "ಓ ಮೈ ಗಾಡ್, ಅಜ್ಜಿ! ಹುಣಸೆಬೀಜಕ್ಕೆ? ಫಾರ್ ಟ್ಯಾಮರಿಂಡ್ ಸೀಡ್ಸ್?"

"ಪಾತ್ರೆಗೆ ಕಣೇ. ಹುಣಸೆಬೀಜಕ್ಕಲ್ಲ."

ನಕ್ಕಳು, ನಾನೂ ನಕ್ಕೆ. ಇಬ್ಬರೂ ಸಿಂಕು ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಅಂದಳು, "ನಾಲ್ಕು ಪೇಜ್ ಬರೆದೆ ಅಜ್ಜಿ, ನಾನು. ಅವಳ ಮೇಲೆ. ಈಗ ಅವಳ ಜಾಗದಲ್ಲಿ ನಿಂತು, ಅವಳು ಕಲಿಸಿದ್ದನ್ನೇ ಕಲಿಸ್ತಾ ಇದೀನಿ." ಆಗ ಅವಳ ಮುಖ ಎಂಟು ವರ್ಷದ ಮಗುವಿನದಾಗಿತ್ತು. ನಾನು ಕಲಿಸಿದ್ದನ್ನು ನಂಬಿದ ಮುಖ.

"ನೀನು ಬರೆದಿದ್ದು ನಾನು ಹೇಳಿದ ಸುಳ್ಳು," ಅಂದೆ. "ನಿನ್ನದೇನಿಲ್ಲ ಅದರಲ್ಲಿ. ಈಗ ಕೂತ್ಕೋ, ಇನ್ನೊಂದು ಬರಿ. ಈ ಸಲ ನಾನೇ ಹೇಳ್ತೀನಿ."

ಸಾರಿನ ತಪ್ಪಲೆಗಳನ್ನು ಸಿಂಕಿನಲ್ಲೇ ಬಿಟ್ಟು, ಅಡಿಗೆಮನೆ ಮೇಜಿನ ಮೇಲೆ ಅವಳು ಇಂಗ್ಲಿಷಿನಲ್ಲಿ ಬರೆದಳು. ನಾನು ಹೇಳಿದ್ದು ಎಂಟೇ ಸಾಲು. ಪದ್ಧತಿ ಅಂದದ್ದು ಸುಳ್ಳು. ಕಣ್ಣು ಮುಚ್ಚುತ್ತೇನೆ ಅಂದದ್ದು ಸುಳ್ಳು. ಹುಡುಗಿಗೆ ಗೊತ್ತಿರಲಿಲ್ಲ. ನೋರೀನ್ ಸರಿಯಾಗಿ ಹಿಡಿದಳು, ಮರ್ಯಾದೆಯಾಗಿಯೇ ಹೇಳಿದಳು. ಕೆಳಗೆ ಕನ್ನಡದಲ್ಲಿ ರುಜು ಹಾಕಿದೆ. ಎರಡು ಪ್ರತಿ: ಒಂದು ಕಂಪನಿಗೆ, ಪಲ್ಲವಿ ಕೈಲಿ; ಇನ್ನೊಂದು ನನ್ನ ಕೈಲಿ. ಇದರಿಂದ ತನ್ನ ಕೆಲಸಕ್ಕೆ ಏನಾಗುತ್ತದೋ ಅಂತ ಅವಳು ಒಂದು ಸಲವೂ ಅನ್ನಲಿಲ್ಲ. ನಾನು ಕೇಳಿದ್ದಕ್ಕೆ "ಇಟ್'ಲ್ ಬಿ ಗ್ರ್ಯಾಂಡ್" ಅಂದಳು. ಇಲ್ಲಿಯವರು ಏನೂ ಗ್ರ್ಯಾಂಡ್ ಇಲ್ಲದಿದ್ದಾಗಲೇ ಹಾಗನ್ನುವುದು.

ಹಜಾರಕ್ಕೆ ಬಂದು ಎಲ್ಲರ ಮುಂದೆಯೂ ಹೇಳಿದೆ. ಫಿಲೋಮಿನಾ ಬಿದ್ದು ಬಿದ್ದು ನಕ್ಕಳು. ಸುಧಾ, "ಹಂಗಾದ್ರೆ ಜಯಮ್ಮ ದೊಡ್ಡಮ್ಮ ಅಷ್ಟು ವರ್ಷ ಪಾತ್ರೆ..." ಅಂದು ನಿಲ್ಲಿಸಿದಳು. ರಮೇಶ ಮಾತ್ರ ನಗಲಿಲ್ಲ. "ಅತ್ತೆ, ಸಂಸ್ಕೃತಿ ಅಂತ ನಾನು..." ಅಂದ. ಅವನ ನಾಲ್ಕು ಪುಟದ ಇಂಗ್ಲಿಷು ನೀರಲ್ಲಿ ಹೋಯಿತು, ಪಾಪ. ನಾನು ಒಳಗೆ ಹೋಗಿ ಎಲ್ಲ ಪಾತ್ರೆ ಉಜ್ಜಿದೆ. ಜಯಮ್ಮ ತೀರಿಕೊಂಡು ಎಂಟು ವರ್ಷ. ಅವಳಿಗೆ ಹೇಳುವ ದಾರಿ ಇಲ್ಲ.

ಆದ್ದರಿಂದ, ನನ್ನ ಕೈಲಿ ಹೆಪ್ಪು ಹಾಕಿಸಿಕೊಂಡವರೆಲ್ಲ ಇನ್ನು ನೀವೇ ಹಾಕಿಕೊಳ್ಳಿ. ಹಾಲು ಉಗುರು ಬೆಚ್ಚಗಿದ್ದರೆ ಸಾಕು, ಯಾರ ಕೈಯಾದರೂ ಆಗುತ್ತದೆ.

ಮಾರನೇ ದಿನ ಬೆಳಿಗ್ಗೆ ಎಂಟು ಗಂಟೆಗೆ ಕೋಟು ಹಾಕಿಕೊಂಡು, ಒಂದು ಜೇಬಿನಲ್ಲಿ ಕಾಗದ, ಇನ್ನೊಂದರಲ್ಲಿ ಎಲೆಕಟ್ಟು ಇಟ್ಟುಕೊಂಡು ಹೊರಟೆ. "ನಾನೂ ಬರ್ಲಾ?" ಅಂದಳು ಪಲ್ಲವಿ. ಬೇಡ ಅಂದೆ. ಎರಡೂವರೆ ವರ್ಷ ಬಿಟ್ಟು ಓಡಾಡಿದ್ದ ಆ ರಸ್ತೆಯಲ್ಲಿ ನೆಟ್ಟಗೆ ನಡೆದು ಬ್ರೆಡ್ಡಿನಂಗಡಿಯ ಬಾಗಿಲು ತಳ್ಳಿದೆ. ನೋರೀನ್ ಕನ್ನಡಕ ಏರಿಸಿ ನನ್ನನ್ನು ನೋಡಿದಳು. ನನ್ನ ಗುರುತು ಹತ್ತಿತು. ಆದರೆ ಅಂಗಡಿಯವರು ಕೇಳುವ ಹಾಗೆಯೇ, ಏನು ಬೇಕು ಅಂತ ಕೇಳಿದಳು. ನಾನು ಕಾಗದವನ್ನು ಗಲ್ಲೆಯ ಮೇಲಿಟ್ಟೆ. ಅವಳು ನಿಂತಲ್ಲೇ ಓದಿದಳು, ಓದಿ ಮತ್ತೆ ಮೊದಲಿಂದ ಓದಿದಳು. ಅವಳು ಏನಾದರೂ ಅನ್ನುವ ಮುಂಚೆ ನಾನು ಎಲೆಕಟ್ಟು ತೆಗೆದು, ಗಲ್ಲೆಯ ಹಿಟ್ಟಿನ ಮೇಲೆಯೇ ಕಲೆಸಿ, ಅವಳ ಕಡೆಗೆ ತಳ್ಳಿದೆ. ಅವಳು ಕಟ್ ಮಾಡಿದಳು. ಎರಡು ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡೆ, ಅವಳಿಗೆ ಕಾಣುವ ಹಾಗೆ ಕಣ್ಣು ಅಗಲ ಬಿಟ್ಟುಕೊಂಡು. "ಕಳಾವರ್ ರಾಜ" ಅಂದೆ, ಆಮೇಲೆ ನನಗೆ ಬರುವ ಇಂಗ್ಲಿಷಿನಲ್ಲಿ "ಕಿಂಗ್, ಬ್ಲ್ಯಾಕ್, ಹೂವು" ಅಂದೆ. ಕಟ್ಟನ್ನು ಮಗುಚಿ ತೋರಿಸಿ ಕೆಳಗಿಟ್ಟೆ. ಹಿಂದೆ ಸಾಲಿನಲ್ಲಿದ್ದವನೊಬ್ಬ ಕೆಮ್ಮಿದ. ನೋರೀನ್ ರಾಜನನ್ನೇ ನೋಡುತ್ತಿದ್ದಳು. ನಾನು ಎರಡೂ ಅಂಗೈ ಅವಳ ಮುಂದೆ ಹಿಡಿದು ತೋರಿಸಿದೆ, ಮಗುಚಿ ಹಿಂಗೈಯನ್ನೂ ತೋರಿಸಿದೆ, ಪಕ್ಕಕ್ಕೆ ಸರಿದು ನಿಂತೆ.